ಹೊಸ ಹೈಸ್ಕೂಲು ತೆರೆದಾಗ ಮಕ್ಕಳ ಆಟದ ಅರ್ಹತೆ: ಟೆಕ್ಸಾಸ್‌ನ ಕನ್ನಡ ಪಾಲಕರಿಗೆ ಒಂದು ಹೋಲಿಕೆ

ನಮ್ಮ ಊರಿನಲ್ಲಿ ಶಾಲೆ ಬದಲಿಸುವುದೆಂದರೆ ಟಿಸಿ ತರುವುದು. ಮುಖ್ಯೋಪಾಧ್ಯಾಯರ ಸಹಿ, ಒಂದು ಮೊಹರು, ಹೊಸ ಶಾಲೆಯ ದಾಖಲಾತಿ ಪುಸ್ತಕದಲ್ಲಿ ಒಂದು ಸಾಲು, ಅಷ್ಟರಲ್ಲಿ ಕೆಲಸ ಮುಗಿಯುತ್ತದೆ. ಮಗು ಆಟೋಟದಲ್ಲಿ ಮುಂದಿದ್ದರೆ ಶಾಲಾ ಕ್ರೀಡಾಕೂಟದಲ್ಲಿ ಮೊದಲು ನೋಡುವುದು ವಯಸ್ಸನ್ನು: 14ರೊಳಗೋ, 17ರೊಳಗೋ, 19ರೊಳಗೋ ಎಂದು. ಟೆಕ್ಸಾಸ್‌ನಲ್ಲಿ ವಯಸ್ಸನ್ನು ಕೇಳುತ್ತಾರಾದರೂ ಅದಕ್ಕಿಂತ ಮೊದಲು ವಿಳಾಸವನ್ನು ಕೇಳುತ್ತಾರೆ. ಮನೆ ಯಾವ ಶಾಲೆಯ ವ್ಯಾಪ್ತಿಯ ಗೆರೆಯ ಒಳಗಿದೆ, ಆ ಗೆರೆ ಯಾವಾಗ ಬದಲಾಯಿತು, ಬದಲಾದಾಗ ಮಗು ಸರಿಯಿತೋ ಇಲ್ಲವೇ ಗೆರೆಯೇ ಸರಿಯಿತೋ ಎಂಬುದರ ಮೇಲೆ ಹೈಸ್ಕೂಲಿನ ನಾಲ್ಕು ವರ್ಷಗಳ ಆಟ ನಿಂತಿರುತ್ತದೆ.

ಕನ್ನಡ ಕುಟುಂಬಗಳು ನೆಲೆಸಿರುವ ಡಲ್ಲಾಸ್‌ನ ಉತ್ತರದ ಊರುಗಳು ಮತ್ತು ಹ್ಯೂಸ್ಟನ್‌ನ ಪಶ್ಚಿಮದ ಕೇಟಿ, ಹೊಸ ಹೈಸ್ಕೂಲುಗಳು ಮೇಲಿಂದ ಮೇಲೆ ಎದ್ದ ಪ್ರದೇಶಗಳೂ ಹೌದು. ಫ್ರಿಸ್ಕೊದಲ್ಲಿ 2003ರಲ್ಲಿ ಸೆಂಟೆನಿಯಲ್ ತೆರೆಯುವವರೆಗೆ ಊರಿಗೆ ಒಂದೇ ಹೈಸ್ಕೂಲಿತ್ತು. 2021ರಲ್ಲಿ ಎಮರ್ಸನ್, 2022ರಲ್ಲಿ ಪ್ಯಾಂಥರ್ ಕ್ರೀಕ್ ಸೇರಿ ಆ ಸಂಖ್ಯೆ 12ಕ್ಕೆ ಮುಟ್ಟಿತು. ಪ್ರಾಸ್ಪರ್‌ನಲ್ಲಿ 2020ರಲ್ಲಿ ರಾಕ್ ಹಿಲ್, 2023ರಲ್ಲಿ ವಾಲ್ನಟ್ ಗ್ರೋವ್ ಬಂದವು. ಕೇಟಿಯಲ್ಲಿ 2020ರಲ್ಲಿ ಜೋರ್ಡನ್, 2024ರಲ್ಲಿ ಫ್ರೀಮನ್. ಹೊಸ ಶಾಲೆಯೊಂದು ತೆರೆಯಿತೆಂದರೆ ಅದು ಸುತ್ತಲಿನ ಶಾಲೆಗಳಿಂದ ಮಕ್ಕಳನ್ನು ಕಿತ್ತುಕೊಂಡೇ ತುಂಬಬೇಕು. ಅದಕ್ಕೆ ಇಲ್ಲಿ ರೀಝೋನಿಂಗ್ ಎನ್ನುತ್ತಾರೆ.

ನಮ್ಮ ಮನೆಗೂ ಆ ನಕ್ಷೆ ಬಂತು. ರಾತ್ರಿ ಊಟ ಮುಗಿದು ತಟ್ಟೆಗಳಿನ್ನೂ ಮೇಜಿನ ಮೇಲೆಯೇ ಇದ್ದಾಗ, ಫೋನಿನಲ್ಲಿ ಅದನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದೆವು. ಹೊಸ ಗೆರೆ ನಮ್ಮ ಹಿತ್ತಿಲ ಬೇಲಿಯ ಆಚೆಗಿನ ಸಣ್ಣ ಹಳ್ಳದ ಗುಂಟ ಹರಿದಿತ್ತು. ಒಂದೇ ಕಡೆ ಸಾಲಾಗಿ ನಿಂತ ಟಪಾಲು ಡಬ್ಬಿಗಳನ್ನು ಹಂಚಿಕೊಂಡಿದ್ದ ಎರಡು ಬೀದಿಗಳಲ್ಲಿ ಒಂದು ಹಸಿರು ಬಣ್ಣದೊಳಗೆ, ಇನ್ನೊಂದು ಕಿತ್ತಳೆಯೊಳಗೆ ಬಿದ್ದಿತ್ತು. ಒಂಬತ್ತನೇ ತರಗತಿಯಲ್ಲಿದ್ದು ಆ ವರ್ಷವಷ್ಟೇ ಕ್ರಾಸ್ ಕಂಟ್ರಿ ಓಟ ಶುರುಮಾಡಿದ್ದ ಮಗಳು ಕೇಳಿದ ಪ್ರಶ್ನೆ ಒಂದೇ: "ಅಪ್ಪಾ, ನಾನು ಯಾವ ಬಣ್ಣದಲ್ಲಿದ್ದೀನಿ?" ಅದಕ್ಕೆ ಉತ್ತರ ಹುಡುಕುತ್ತ ಹೋಗಿ ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಿಯಮದ ತಿರುಳು

ಟೆಕ್ಸಾಸ್‌ನ ಸರ್ಕಾರಿ ಶಾಲೆಗಳ ಸ್ಪರ್ಧೆಗಳನ್ನು ನಡೆಸುವುದು ಯೂನಿವರ್ಸಿಟಿ ಇಂಟರ್‌ಸ್ಕೊಲಾಸ್ಟಿಕ್ ಲೀಗ್, ಎಲ್ಲರ ಬಾಯಲ್ಲಿ ಯುಐಎಲ್. ಶಾಲೆಯ ಮೊದಲ ದರ್ಜೆಯ ತಂಡಕ್ಕೆ ವಾರ್ಸಿಟಿ ಎಂದು ಹೆಸರು, ಅದರ ಕೆಳಗಿನದಕ್ಕೆ ಜೆವಿ. ನಿವಾಸದ ನಿಯಮವೂ 'ಆಟಕ್ಕಾಗಿಯೇ ಶಾಲೆ ಬದಲಿಸಬಾರದು' ಎಂಬ ನಿಯಮವೂ ಮುಖ್ಯವಾಗಿ ಕಟ್ಟಿಹಾಕುವುದು ವಾರ್ಸಿಟಿ ಆಟಗಾರರನ್ನು. ಬ್ಯಾಂಡಿನಲ್ಲಿ ಕೊಳಲು ಊದುವ, ಯುಐಎಲ್‌ನ ಗಣಿತ ಅಥವಾ ಚರ್ಚಾ ಸ್ಪರ್ಧೆಗೆ ಹೋಗುವ ಮಗುವಿಗೆ ಈ ನಿವಾಸದ ಕಟ್ಟು ಇಲ್ಲ. ಕ್ರಿಕೆಟ್ ಆಡುವ ಮಕ್ಕಳ ಪಾಲಕರು ಇಲ್ಲಿಗೇ ಓದು ನಿಲ್ಲಿಸಬಹುದು; ಯುಐಎಲ್‌ನ ಆಟಗಳ ಪಟ್ಟಿಯಲ್ಲಿ ಕ್ರಿಕೆಟ್ ಇಲ್ಲ, ಬ್ಯಾಡ್ಮಿಂಟನ್ನೂ ಇಲ್ಲ, ಅವು ಕ್ಲಬ್ಬುಗಳಲ್ಲಿ ನಡೆಯುತ್ತವೆ. ಟೆನಿಸ್, ಈಜು, ಗಾಲ್ಫ್, ಓಟ, ಬ್ಯಾಸ್ಕೆಟ್‌ಬಾಲ್, ವಾಲಿಬಾಲ್, ಸಾಕರ್ ಆಡುವವರು ಮುಂದೆ ಓದಬೇಕು.

ಇಡೀ ವಿಷಯ ತಿರುಗುವುದು ಒಂದು ಪ್ರಶ್ನೆಯ ಸುತ್ತ: ಶಾಲೆ ಬದಲಾಗಲು ಕಾರಣರು ಯಾರು? ಶಾಲಾ ಮಂಡಳಿ ಗೆರೆ ಬದಲಿಸಿದ್ದರಿಂದ ಮಗು ಹೊಸ ಶಾಲೆಗೆ ಹೋಗಬೇಕಾಗಿ ಬಂದರೆ ಅದನ್ನು ಸ್ವಇಚ್ಛೆಯ ವರ್ಗಾವಣೆ ಎಂದು ಎಣಿಸುವುದಿಲ್ಲ. ಗೆರೆ ಇದ್ದಲ್ಲೇ ಇದ್ದು, ಮನೆಯೂ ಅಲ್ಲೇ ಇದ್ದು, ನಾವಾಗಿಯೇ ಅರ್ಜಿ ಹಾಕಿ ಬೇರೆ ಶಾಲೆಗೆ ಹೋದರೆ ಸಾಮಾನ್ಯವಾಗಿ ಒಂದು ಪೂರ್ಣ ವರ್ಷ ವಾರ್ಸಿಟಿಯಿಂದ ಹೊರಗೆ. ಒಂದೇ ಸ್ಕೂಲ್ ಡಿಸ್ಟ್ರಿಕ್ಟಿನೊಳಗೆ ಎರಡು ಶಾಲೆಗಳ ನಡುವೆ ಆಯ್ಕೆ ಕೊಟ್ಟಾಗ, ಮೊದಲು ಆರಿಸಿಕೊಂಡ ಶಾಲೆಯಲ್ಲಿ ಮಗು ಅರ್ಹ. ಆಮೇಲೆ ಮನಸ್ಸು ಬದಲಿಸಿ ಇನ್ನೊಂದಕ್ಕೆ ಹೋದರೆ ಅದೇ ಒಂದು ವರ್ಷದ ದಂಡ. ಒಂಬತ್ತನೇ ತರಗತಿಗೆ ಮೊದಲ ಬಾರಿ ಕಾಲಿಟ್ಟ ದಿನದಿಂದ ನಾಲ್ಕು ವರ್ಷದ ಲೆಕ್ಕ ಓಡುತ್ತಲೇ ಇರುವುದರಿಂದ, ಕಳೆದುಕೊಂಡ ವರ್ಷವನ್ನು ಮುಂದೆ ಸೇರಿಸಿಕೊಳ್ಳುವ ದಾರಿಯಿಲ್ಲ. ನಾಲ್ಕರಲ್ಲಿ ಒಂದು ಹೋದರೆ ಹೋಯಿತು.

ಇಲ್ಲಿ ಒಂದು ಪದದ ಗೊಂದಲವನ್ನು ಬಿಡಿಸಬೇಕು. ಡಿಸ್ಟ್ರಿಕ್ಟ್ ಎಂದರೆ ಶಾಲೆಗಳನ್ನು ನಡೆಸುವ ಆಡಳಿತ ಸಂಸ್ಥೆಯೂ ಹೌದು, ಯುಐಎಲ್‌ನ ಲೆಕ್ಕದಲ್ಲಿ ಪರಸ್ಪರ ಆಡುವ ಏಳೆಂಟು ಶಾಲೆಗಳ ಗುಂಪೂ ಹೌದು. ಅರ್ಹತೆಯ ತಕರಾರು ಬಂದರೆ ಅದು ಮೊದಲು ಹೋಗುವುದು ಎರಡನೆಯ ಅರ್ಥದ ಡಿಸ್ಟ್ರಿಕ್ಟಿನ ಕಾರ್ಯಕಾರಿ ಸಮಿತಿಗೆ. ಆ ಗುಂಪಿನ ಶಾಲೆಗಳ ಸೂಪರಿಂಟೆಂಡೆಂಟರು ಅಥವಾ ಅವರು ನೇಮಿಸಿದ ಅಧಿಕಾರಿಗಳೇ ಅಲ್ಲಿ ಕೂತು ಮತ ಹಾಕುತ್ತಾರೆ. ಅಂದರೆ ನಮ್ಮ ಮಗು ಆಡಬಹುದೇ ಎಂದು ತೀರ್ಮಾನಿಸುವವರಲ್ಲಿ ಎದುರಾಳಿ ಶಾಲೆಗಳವರೂ ಇರುತ್ತಾರೆ. ಅವರ ತೀರ್ಪು ಒಪ್ಪಿಗೆಯಾಗದಿದ್ದರೆ ರಾಜ್ಯ ಸಮಿತಿಗೆ ಮೇಲ್ಮನವಿ ಹೋಗಬಹುದು, ಆದರೆ ಆ ವೇಳೆಗೆ ಋತುವಿನ ಅರ್ಧ ಮುಗಿದಿರುತ್ತದೆ.

ಹೊಸ ಶಾಲೆಗೆ ಹೋಗುವುದು

ಅರ್ಹತೆಯ ದೃಷ್ಟಿಯಿಂದ ಇದು ಅತ್ಯಂತ ಸುರಕ್ಷಿತ ದಾರಿ. ಮಂಡಳಿ ಕಳುಹಿಸಿದ ಕಡೆಗೆ ಮಗು ಹೋಗಿದೆ, ಕೇಳುವವರಿಲ್ಲ. ಹೊಸ ಹೈಸ್ಕೂಲುಗಳು ಸಾಮಾನ್ಯವಾಗಿ ಒಂಬತ್ತು ಮತ್ತು ಹತ್ತನೇ ತರಗತಿಗಳಿಂದ ಆರಂಭವಾಗುತ್ತವೆ, ಕೆಲವು ಹನ್ನೊಂದನ್ನೂ ಸೇರಿಸಿಕೊಳ್ಳುತ್ತವೆ, ಹನ್ನೆರಡನೆಯದು ಮೊದಲ ವರ್ಷ ಬಹುಮಟ್ಟಿಗೆ ಇರುವುದಿಲ್ಲ. ಇದರ ಲಾಭ ನಷ್ಟಗಳೆರಡೂ ಆಟವನ್ನು ಅನುಸರಿಸಿ ಬದಲಾಗುತ್ತವೆ, ಪಾಲಕರು ಹೆಚ್ಚು ಗಮನ ಕೊಡದಿರುವುದೂ ಇದಕ್ಕೇ.

ಕ್ರಾಸ್ ಕಂಟ್ರಿಯ ವಾರ್ಸಿಟಿ ತಂಡದಲ್ಲಿ ಏಳು ಮಂದಿ ಓಡುತ್ತಾರೆ, ಮೊದಲ ಐವರ ಸ್ಥಾನಗಳನ್ನು ಕೂಡಿ ತಂಡದ ಅಂಕ. ಹಳೆಯ ಶಾಲೆಯಲ್ಲಿ ಆ ಏಳು ಜಾಗಗಳಿಗೆ ಹನ್ನೊಂದು ಹನ್ನೆರಡನೇ ತರಗತಿಯವರು ಸಾಲುಗಟ್ಟಿ ನಿಂತಿರುತ್ತಾರೆ. ಹೊಸ ಶಾಲೆಯಲ್ಲಿ ನನ್ನ ಮಗಳು ಹತ್ತನೇ ತರಗತಿಯಲ್ಲೇ ಆ ಏಳರೊಳಗೆ ಬಂದಳು. ಆದರೆ ಮೊದಲ ಕೆಲವು ಓಟಗಳಲ್ಲಿ ಹುಡುಗಿಯರ ತಂಡದಲ್ಲಿದ್ದವರೇ ಆರು ಮಂದಿ. ಒಂದು ಶನಿವಾರ ಬೆಳಿಗ್ಗೆ ಒಬ್ಬಳ ಕಾಲು ಉಳುಕಿತ್ತು, ಇನ್ನೊಬ್ಬಳಿಗೆ ಜ್ವರ. ಉಳಿದ ನಾಲ್ವರೂ ಗುರಿ ಮುಟ್ಟಿದರು. ಐದನೆಯವಳಿಲ್ಲದ ಕಾರಣ ಫಲಿತಾಂಶದ ಹಾಳೆಯಲ್ಲಿ ಶಾಲೆಯ ಹೆಸರೇ ಇರಲಿಲ್ಲ. ಮಗಳು ಆ ದಿನ ತನ್ನ ಅತ್ಯುತ್ತಮ ಸಮಯದಲ್ಲಿ ಓಡಿದ್ದಳು.

ಟೆನಿಸ್‌ನಲ್ಲಿ ಲೆಕ್ಕ ಬೇರೆ. ಶರತ್ಕಾಲದ ತಂಡ ಟೆನಿಸ್‌ನಲ್ಲಿ ಆರು ಹುಡುಗರ ಸಿಂಗಲ್ಸ್, ಆರು ಹುಡುಗಿಯರ ಸಿಂಗಲ್ಸ್, ಮೂರು ಮೂರು ಡಬಲ್ಸ್, ಒಂದು ಮಿಶ್ರ ಡಬಲ್ಸ್ ಎಂದು ಒಟ್ಟು 19 ಪಂದ್ಯಗಳು. ಒಬ್ಬ ಪ್ರತಿಭಾವಂತನಿಂದ ಗೆಲ್ಲುವ ಆಟವಲ್ಲ ಅದು. ದೊಡ್ಡ ತಂಡವೇ ಬೇಕು. ಆದರೆ ವಸಂತಕಾಲದ ವೈಯಕ್ತಿಕ ಟೆನಿಸ್‌ನಲ್ಲಿ ಮಗು ತನ್ನ ಬಲದಿಂದಲೇ ಮುಂದೆ ಹೋಗಬಹುದು, ಅಲ್ಲಿ ಶಾಲೆ ಹೊಸದಾದರೂ ಹಳೆಯದಾದರೂ ಹೆಚ್ಚಿನ ವ್ಯತ್ಯಾಸವಿಲ್ಲ. ಈಜು, ಗಾಲ್ಫ್, ಓಟದ ಮಕ್ಕಳಿಗೂ ಇದೇ ಮಾತು. ಅಮೆರಿಕನ್ ಫುಟ್‌ಬಾಲ್ ಮತ್ತು ಬ್ಯಾಸ್ಕೆಟ್‌ಬಾಲ್ ಆಡುವವರು ಮಾತ್ರ ಒಂದು ಪ್ರಶ್ನೆಯನ್ನು ಮೊದಲೇ ಕೇಳಬೇಕು: ಮೊದಲ ವರ್ಷ ಶಾಲೆ ವಾರ್ಸಿಟಿ ಆಡುತ್ತದೆಯೇ, ಜೆವಿ ಮಾತ್ರವೇ? ಯುಐಎಲ್ ಶಾಲೆಗಳನ್ನು ವಿದ್ಯಾರ್ಥಿಗಳ ಸಂಖ್ಯೆಯ ಮೇಲೆ 1ಎಯಿಂದ 6ಎವರೆಗೆ ಎರಡು ವರ್ಷಕ್ಕೊಮ್ಮೆ ವಿಂಗಡಿಸಿ, ಸಮಸಂಖ್ಯೆಯ ವರ್ಷಗಳ ಫೆಬ್ರವರಿಯಲ್ಲಿ ಪಟ್ಟಿ ಪ್ರಕಟಿಸುತ್ತದೆ. ಆ ಚಕ್ರದ ನಡುವೆ ತೆರೆದ ಶಾಲೆಗೆ ಲೀಗ್ ಪಂದ್ಯಗಳು ಸಿಗದೆ ಒಂದು ವರ್ಷ ಸುಮ್ಮನೆ ಕಳೆಯುವುದೂ ಉಂಟು.

ಹೊಸ ಶಾಲೆಯ ತಂಡ ಸದಾ ಸೋಲುತ್ತಿರುತ್ತದೆ ಎಂಬ ಅಂಜಿಕೆ ಮಾತ್ರ ಪೂರ್ತಿ ನಿಜವಲ್ಲ. ಕೇಟಿಯ ಪೇಟೋ ಹೈಸ್ಕೂಲು ತೆರೆದದ್ದು 2017ರಲ್ಲಿ; 2021ರ ಡಿಸೆಂಬರಿನಲ್ಲಿ ಅದು 5ಎ ಮೊದಲ ವಿಭಾಗದ ಫುಟ್‌ಬಾಲ್‌ನಲ್ಲಿ ರಾಜ್ಯ ಪ್ರಶಸ್ತಿ ಗೆದ್ದಿತು. ಅಂಗಳದ ಕೊರತೆಯೂ ಅಷ್ಟಾಗಿ ಇರುವುದಿಲ್ಲ. ಫ್ರಿಸ್ಕೊದಲ್ಲಂತೂ ಯಾವ ಹೈಸ್ಕೂಲಿಗೂ ಸ್ವಂತ ಫುಟ್‌ಬಾಲ್ ಕ್ರೀಡಾಂಗಣವೆಂಬುದಿಲ್ಲ, ಹಳೆಯವೂ ಹೊಸವೂ ಕೂಡಿ 2016ರಲ್ಲಿ ತೆರೆದ 12,000 ಆಸನಗಳ ಫೋರ್ಡ್ ಸೆಂಟರಿನಂಥ ಅಂಗಳಗಳನ್ನು ಹಂಚಿಕೊಂಡು ಆಡುತ್ತವೆ.

ಹಳೆಯ ಶಾಲೆಯಲ್ಲೇ ಉಳಿಯುವುದು

ಗೆರೆ ಬದಲಾದರೂ ಮೇಲಿನ ತರಗತಿಯವರಿಗೆ ಇದ್ದಲ್ಲೇ ಓದು ಮುಗಿಸುವ ಅವಕಾಶವನ್ನು ಮಂಡಳಿಗಳು ಕೊಡುವುದುಂಟು. ಗ್ರ್ಯಾಂಡ್‌ಫಾದರಿಂಗ್ ಎಂಬ ಈ ಪದಕ್ಕೂ ಅಜ್ಜಂದಿರಿಗೂ ಏನೂ ಸಂಬಂಧವಿಲ್ಲವೆಂದು ಊರಿನಿಂದ ಬಂದಿದ್ದ ನನ್ನ ಮಾವನವರಿಗೆ ವಿವರಿಸಲು ಒಂದು ಸಂಜೆ ಹಿಡಿಯಿತು. ಯಾವ ತರಗತಿಗೆ ಈ ಅವಕಾಶ, ತಮ್ಮ ತಂಗಿಯರಿಗೂ ಅನ್ವಯಿಸುತ್ತದೆಯೇ, ಬಸ್ಸು ಬರುತ್ತದೆಯೇ ಎಂಬುದು ಡಿಸ್ಟ್ರಿಕ್ಟಿನಿಂದ ಡಿಸ್ಟ್ರಿಕ್ಟಿಗೆ, ಒಂದೇ ಡಿಸ್ಟ್ರಿಕ್ಟಿನಲ್ಲಿ ಒಂದು ರೀಝೋನಿಂಗಿನಿಂದ ಇನ್ನೊಂದಕ್ಕೆ ಬದಲಾಗುತ್ತದೆ.

ಹನ್ನೊಂದನೇ ತರಗತಿಗೆ ಹೋಗಲಿರುವ, ಈಗಾಗಲೇ ವಾರ್ಸಿಟಿಯಲ್ಲಿ ಆಡುತ್ತಿರುವ ಮಗುವಿಗೆ ಇದೇ ಸರಿಯಾದ ದಾರಿಯೆಂದು ನನ್ನ ಅಭಿಪ್ರಾಯ. ಕಾಲೇಜು ಕೋಚುಗಳ ಕಣ್ಣಿಗೆ ಬೀಳುವ ವರ್ಷಗಳವು; ಗೊತ್ತಿರುವ ಕೋಚು, ಗೊತ್ತಿರುವ ಜತೆಗಾರರು, ಪಕ್ಕಾ ಆದ ಪಂದ್ಯಪಟ್ಟಿ ಇರುವುದನ್ನು ಬಿಟ್ಟು ಹೋಗುವುದಕ್ಕೆ ಬಲವಾದ ಕಾರಣ ಬೇಕು. ಹತ್ತನೇ ತರಗತಿಯವರ ವಿಷಯದಲ್ಲಿ ಮಾತ್ರ ನಾನು ಅಷ್ಟು ಖಚಿತವಾಗಿ ಹೇಳಲಾರೆ. ಹಳೆಯ ಶಾಲೆಗೆ ಬಸ್ಸು ನಿಂತರೆ ಬೆಳಗಿನ ಅಭ್ಯಾಸಕ್ಕೆ ಮುಂಜಾವಿನಲ್ಲೇ ಕಾರು ತೆಗೆಯುವವರು ನಾವೇ. ಟೆಕ್ಸಾಸ್‌ನಲ್ಲಿ ಒಬ್ಬರೇ ಕಾರು ಓಡಿಸುವ ಪರವಾನಗಿ ಸಿಗುವುದು 16 ತುಂಬಿದ ಮೇಲೆ, ಆದ್ದರಿಂದ ಹತ್ತನೇ ತರಗತಿಯ ಬಹುಪಾಲು ನಮ್ಮ ಸ್ಟೀರಿಂಗಿನಲ್ಲೇ ಕಳೆಯುತ್ತದೆ. ತಮ್ಮನೋ ತಂಗಿಯೋ ಹೊಸ ಶಾಲೆಗೆ ಬಿದ್ದರೆ ಒಂದೇ ಮನೆಯಿಂದ ಎರಡು ದಿಕ್ಕಿಗೆ ಓಡಾಟ, ಶುಕ್ರವಾರ ರಾತ್ರಿ ಎರಡು ಬಣ್ಣದ ಅಂಗಿಗಳು.

ಈ ಆಯ್ಕೆಯಲ್ಲಿ ಎಡವುವವರು ಉಳಿದವರಲ್ಲ, ಉಳಿದು ಆಮೇಲೆ ಹೊರಟವರು. ನಮಗೆ ಪರಿಚಯದ ಒಂದು ಕುಟುಂಬ ಜನವರಿಯಲ್ಲಿ ಉಳಿಯುತ್ತೇವೆಂದು ಫಾರಂ ತುಂಬಿ ಕೊಟ್ಟಿತು. ಬೇಸಿಗೆಯಲ್ಲಿ ಗೆಳೆಯರೆಲ್ಲ ಹೊಸ ಶಾಲೆಗೆ ಹೋಗುತ್ತಿದ್ದಾರೆಂದು ಹುಡುಗ ಮುಖ ಸಣ್ಣ ಮಾಡಿಕೊಂಡ. ಶಾಲೆ ಆರಂಭವಾದ ಮೇಲೆ ಅಲ್ಲಿಗೇ ಸೇರಿಸಿದರು. ಹೊಸ ಶಾಲೆ ಅವನ ವಾಸದ ಶಾಲೆಯೇ ಆಗಿತ್ತು, ಮನೆ ನಾಲ್ಕು ನಿಮಿಷದ ದೂರದಲ್ಲಿತ್ತು. ಆದರೂ ಮೊದಲ ಆಯ್ಕೆ ಕಾಗದದ ಮೇಲಿತ್ತು. ಅವನು ಆ ವರ್ಷ ಜೆವಿಯಲ್ಲಿ ಆಡಿದ.

ಅರ್ಜಿ ಹಾಕಿ ಮೂರನೆಯ ಶಾಲೆಗೆ ಹೋಗುವುದು, ಮನೆಯನ್ನೇ ಬದಲಿಸುವುದು

ಒಳ್ಳೆಯ ಕೋಚು ಇರುವ, ಗೆರೆಗೆ ಸಂಬಂಧವೇ ಇಲ್ಲದ ಇನ್ನೊಂದು ಶಾಲೆಗೆ ಟ್ರಾನ್ಸ್‌ಫರ್ ಕೇಳುವ ಪಾಲಕರಿದ್ದಾರೆ. ಪಾಠಕ್ಕಾಗಿ ಹೋಗುವುದಾದರೆ ಅದು ಅವರವರ ಇಷ್ಟ. ಆಟಕ್ಕಾಗಿ ಹೋಗುವುದಾದರೆ ನಾಲ್ಕು ಆಯ್ಕೆಗಳಲ್ಲಿ ಇದೇ ಅತ್ಯಂತ ಕೆಟ್ಟದು. ಹಿಂದಿನ ವರ್ಷ ಬೇರೆ ಶಾಲೆಯಲ್ಲಿ ಆಡಿದ್ದ ವಿದ್ಯಾರ್ಥಿ ಹೊಸ ಶಾಲೆಯಲ್ಲಿ ವಾರ್ಸಿಟಿ ಆಡುವ ಮುನ್ನ 'ಪ್ರೀವಿಯಸ್ ಅಥ್ಲೆಟಿಕ್ ಪಾರ್ಟಿಸಿಪೇಶನ್ ಫಾರಂ' ತುಂಬಬೇಕು. ಅದು ಹಳೆಯ ಶಾಲೆಗೂ ಹೋಗುತ್ತದೆ, ಈ ಮಗು ಆಟಕ್ಕಾಗಿ ಶಾಲೆ ಬಿಟ್ಟಿತೇ ಎಂದು ಅಲ್ಲಿಯವರನ್ನು ಕೇಳುತ್ತದೆ. ಕ್ಲಬ್ಬಿನಲ್ಲಿ ತರಬೇತಿ ಕೊಟ್ಟವರೇ ಆ ಶಾಲೆಯ ಕೋಚೂ ಆಗಿದ್ದರೆ, ಹಳೆಯ ಕೋಚಿನೊಡನೆ ಜಗಳವಾಡಿ ಹೊರಟಿದ್ದರೆ, ಸಮಿತಿಯ ಮುಂದೆ ಹೇಳಿಕೊಳ್ಳಲು ಹೆಚ್ಚೇನೂ ಉಳಿಯುವುದಿಲ್ಲ.

ಮನೆ ಬದಲಿಸುವುದು ಅರ್ಹತೆಯನ್ನು ಕಾಪಾಡಬಲ್ಲದು, ಆದರೆ ಬದಲಿಸಿದ್ದು ನಿಜವಾಗಿರಬೇಕು. ಅಪ್ಪ ಮಗ ಸೇರಿ ಹೊಸ ವ್ಯಾಪ್ತಿಯಲ್ಲಿ ಒಂದು ಅಪಾರ್ಟ್‌ಮೆಂಟ್ ಬಾಡಿಗೆಗೆ ಹಿಡಿದು, ಅಮ್ಮ ಮತ್ತು ತಂಗಿ ಹಳೆಯ ಮನೆಯಲ್ಲೇ ಉಳಿದರೆ ಅದನ್ನು ಯಾರೂ ವಾಸವೆಂದು ಒಪ್ಪುವುದಿಲ್ಲ. ಪೀಠೋಪಕರಣ ಎಲ್ಲಿದೆ, ಟಪಾಲು ಎಲ್ಲಿಗೆ ಬರುತ್ತದೆ, ಮತದಾರರಾಗಿ ನೋಂದಾಯಿಸಿದ್ದರೆ ಯಾವ ವಿಳಾಸದಲ್ಲಿ, ಪಾಲಕರು ನಿತ್ಯ ಎಲ್ಲಿ ವಾಸಿಸುತ್ತಾರೆ, ಅಲ್ಲಿಯೇ ನೆಲೆಸುವ ಉದ್ದೇಶವಿದೆಯೇ ಎಂದೆಲ್ಲ ನೋಡುತ್ತಾರೆ. ಎಚ್-1ಬಿ ವೀಸಾದಲ್ಲಿರುವ ನಮ್ಮವರಿಗೆ ಮತದಾನದ ಹಕ್ಕೇ ಇಲ್ಲದ್ದರಿಂದ ಆ ಪ್ರಶ್ನೆ ತಾನಾಗಿ ಬಿದ್ದುಹೋಗುತ್ತದೆ; ಬದಲಿಗೆ ಬಾಡಿಗೆ ಕರಾರು, ಕರೆಂಟು ನೀರಿನ ಬಿಲ್ಲು, ಹಳೆಯ ಮನೆ ಮಾರಿದ್ದಕ್ಕೋ ಬಾಡಿಗೆಗೆ ಕೊಟ್ಟದ್ದಕ್ಕೋ ಪತ್ರ, ಇವನ್ನು ದಿನಾಂಕ ಸಹಿತ ಇಟ್ಟುಕೊಳ್ಳಬೇಕು. ಮನೆ ನಿಜವಾಗಿ ಬದಲಾಗಿದ್ದರೂ ಅದು ಆಟಕ್ಕಾಗಿಯೇ ಆಯಿತೆಂದು ತೋರಿದರೆ ಸಮಿತಿ ಬೇಡವೆನ್ನಬಹುದು. ಒಂದು ವಾರ್ಸಿಟಿ ಜಾಗಕ್ಕಾಗಿ ಗೃಹಸಾಲದ ಬಡ್ಡಿ ದರ ಬದಲಿಸಿಕೊಳ್ಳುವ ಸಾಹಸವನ್ನು ನಾನಂತೂ ಯಾರಿಗೂ ಹೇಳುವುದಿಲ್ಲ.

ಖಾಸಗಿ ಶಾಲೆಗಳ ಮಾತು ಚಿಕ್ಕದು. ಡಲ್ಲಾಸ್‌ನ ಜೆಸ್ಯುಯಿಟ್, ಹ್ಯೂಸ್ಟನ್‌ನ ಸ್ಟ್ರೇಕ್ ಜೆಸ್ಯುಯಿಟ್ ಬಿಟ್ಟರೆ ಹೆಚ್ಚಿನವು ಯುಐಎಲ್‌ನ ಹೊರಗೆ, ಟ್ಯಾಪ್ಸ್‌ನಂಥ ಬೇರೆ ಒಕ್ಕೂಟಗಳಲ್ಲಿ ಆಡುತ್ತವೆ. ಅಲ್ಲಿಂದ ಮತ್ತೆ ಸರ್ಕಾರಿ ಶಾಲೆಗೆ ಮರಳುವಾಗ ಮೇಲಿನ ಫಾರಂ ಮತ್ತೆ ಎದುರಾಗುತ್ತದೆ.

ಒಂದೇ ದೊಡ್ಡ ಶಾಲೆಯ ಊರು

ಇನ್ನೂ ಮನೆ ಕೊಳ್ಳದವರು ಫ್ರಿಸ್ಕೊದ ಪಕ್ಕದಲ್ಲೇ ಇರುವ ಆಲನ್ ಊರನ್ನು ಹೋಲಿಸಿ ನೋಡುವುದು ಒಳ್ಳೆಯದು. ಫ್ರಿಸ್ಕೊ ಪ್ರತಿ ಹೈಸ್ಕೂಲನ್ನೂ ಸುಮಾರು 2,100 ಮಕ್ಕಳೊಳಗೆ ಇಡುವ ಲೆಕ್ಕದಲ್ಲಿ ಶಾಲೆಯ ಮೇಲೆ ಶಾಲೆ ಕಟ್ಟಿತು. ಆಲನ್ ಎರಡನೆಯ ಹೈಸ್ಕೂಲು ಬೇಡವೆಂದು ಒಂದನ್ನೇ ಬೆಳೆಸಿತು. ಅಲ್ಲಿ ಐದು ಸಾವಿರಕ್ಕೂ ಮೀರಿದ ಮಕ್ಕಳು ಒಂದೇ ಹೆಸರಿನಡಿ ಓದುತ್ತಾರೆ. 2012ರಲ್ಲಿ ಸುಮಾರು 6 ಕೋಟಿ ಡಾಲರಿನಲ್ಲಿ ಕಟ್ಟಿದ 18,000 ಆಸನಗಳ ಈಗಲ್ ಸ್ಟೇಡಿಯಂ ಆ ಒಂದು ಶಾಲೆಯದೇ. ಎರಡೇ ವರ್ಷಕ್ಕೆ ಅದರ ಕಾಂಕ್ರೀಟು ಬಿರುಕು ಬಿಟ್ಟು ಬಾಗಿಲು ಹಾಕಿ, 2015ರಲ್ಲಿ ಮತ್ತೆ ತೆರೆದದ್ದೂ ಅಷ್ಟೇ ಪ್ರಸಿದ್ಧ. ಆಲನ್‌ನಲ್ಲಿ ಹೈಸ್ಕೂಲಿನ ಗೆರೆ ಎಂದೂ ನಿಮ್ಮ ಮನೆಯನ್ನು ದಾಟುವುದಿಲ್ಲ, ತಂಡಗಳೂ ಬಲವಾದವು. ಆದರೆ ಐದು ಸಾವಿರ ಮಕ್ಕಳಿಗೂ ವಾರ್ಸಿಟಿ ಕ್ರಾಸ್ ಕಂಟ್ರಿಯಲ್ಲಿ ಅದೇ ಏಳು ಜಾಗ. ಸಾಧಾರಣ ಆಟಗಾರನಾದ ಮಗುವಿಗೆ ರೀಝೋನಿಂಗಿನ ಕಿರಿಕಿರಿಯೇ ವಾಸಿ, ಅಸಾಧಾರಣ ಆಟಗಾರನಿಗೆ ಆಲನ್ ವಾಸಿ, ಎಂದು ಒರಟಾಗಿ ಹೇಳಬಹುದು.

ಆಟದ ಜತೆಗೆ ರ‍್ಯಾಂಕಿನ ಲೆಕ್ಕವೂ ಇದೆ, ನಮ್ಮವರು ಇದನ್ನು ಕೇಳದೆ ಬಿಡುವುದಿಲ್ಲ. 1997ರ ರಾಜ್ಯ ಕಾನೂನಿನಂತೆ ತರಗತಿಯ ಮೊದಲ ಶೇ. 10ರೊಳಗಿನವರಿಗೆ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ನೇರ ಪ್ರವೇಶವಿದೆ. ಆಸ್ಟಿನ್‌ನ ವಿಶ್ವವಿದ್ಯಾಲಯಕ್ಕೆ ಮಾತ್ರ ಈ ಮಿತಿ 2026ರ ಪ್ರವೇಶದಿಂದ ಶೇ. 5. ರ‍್ಯಾಂಕು ಶಾಲೆಯೊಳಗಿನದ್ದಾದ್ದರಿಂದ ಗೆರೆ ಬದಲಾದಾಗ ಅದೂ ಬದಲಾಗುತ್ತದೆ, ಮೇಲಕ್ಕೂ ಹೋಗಬಹುದು, ಕೆಳಕ್ಕೂ ಬೀಳಬಹುದು. ಇನ್ನು ಯಾವ ಶಾಲೆಯಾದರೂ 1984ರಿಂದ ಇರುವ 'ಪಾಸಾಗದವರಿಗೆ ಆಟವಿಲ್ಲ' ಎಂಬ ನಿಯಮ ಒಂದೇ: ಒಂದು ವಿಷಯದಲ್ಲಿ 70ಕ್ಕಿಂತ ಕಡಿಮೆ ಬಂದರೆ ಕನಿಷ್ಠ ಮೂರು ವಾರ ಬೆಂಚು.

ಬೇರೆ ರಾಜ್ಯದಲ್ಲಿರುವ ಬಂಧುಗಳ ಅನುಭವವನ್ನು ಇಲ್ಲಿಗೆ ತಂದು ಹೊಂದಿಸಬಾರದು. ನಾರ್ತ್ ಕ್ಯಾರೊಲೈನಾದ ಕ್ಯಾರಿ ಸುತ್ತಲಿನ ವೇಕ್ ಕೌಂಟಿಯಲ್ಲಿ ಸ್ವಂತ ಅರ್ಜಿಯಿಂದ ಶಾಲೆ ಬದಲಿಸಿದವರು 365 ದಿನ ಆಡುವಂತಿಲ್ಲ ಎಂಬುದು ನಮ್ಮದನ್ನೇ ಹೋಲುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಮನೆ ಬದಲಿಸದೆ ಮೊದಲ ಬಾರಿ ಶಾಲೆ ಬದಲಿಸಿದವರು ಋತುವಿನ ಒಂದು ಭಾಗ ಮಾತ್ರ ಹೊರಗುಳಿದು ಆಮೇಲೆ ಆಡುವ ವ್ಯವಸ್ಥೆಯಿದೆ. ಸ್ಯಾನ್ ಹೋಸೆಯ ಭಾವ ಫೋನಿನಲ್ಲಿ "ಏನೂ ಆಗಲ್ಲ, ಒಂದು ತಿಂಗಳು ಕೂರಿಸ್ತಾರೆ ಅಷ್ಟೇ" ಎಂದರೆ ಅದು ಸ್ಯಾನ್ ಹೋಸೆಗೆ ಮಾತ್ರ ನಿಜ.

ಫಾರಂ ಕಳುಹಿಸುವ ಮುನ್ನ

ಎಂಟನೇ ತರಗತಿಯ ಮಗುವಾದರೆ ಹೊಸ ಶಾಲೆ, ಹತ್ತು ಮುಗಿಸುತ್ತಿರುವ ವಾರ್ಸಿಟಿ ಆಟಗಾರನಾದರೆ ಹಳೆಯದು, ಒಂಬತ್ತು ಮುಗಿಸುತ್ತಿರುವವರಾದರೆ ಆಟ ಯಾವುದೆಂದು ನೋಡಿ ತೀರ್ಮಾನಿಸಬೇಕು. ನಾವು ಹೊಸದನ್ನು ಆರಿಸಿದ್ದು ಅದು ಏಕಾಂಗಿ ಓಟವೆಂಬ ಒಂದೇ ಕಾರಣಕ್ಕೆ. ಮಗಳು ವಾಲಿಬಾಲ್ ಆಡುತ್ತಿದ್ದರೆ ಉಳಿಯುತ್ತಿದ್ದೆವು. ಯಾವುದನ್ನೇ ಆರಿಸಿದರೂ ಹೊಸ ಶಾಲೆಯ ಅಥ್ಲೆಟಿಕ್ ಕೋಆರ್ಡಿನೇಟರ್‌ಗೆ ಇಮೇಲ್ ಬರೆದು, ನಮ್ಮ ವಿಳಾಸ, ಮಗುವಿನ ತರಗತಿ, ಕಳೆದ ವರ್ಷ ಆಡಿದ ಆಟ, ಈಗ ಮಾಡುತ್ತಿರುವ ಆಯ್ಕೆ ಇಷ್ಟನ್ನು ತಿಳಿಸಿ, ವಾರ್ಸಿಟಿಗೆ ಅರ್ಹಳೇ ಎಂದು ಬರವಣಿಗೆಯಲ್ಲೇ ಉತ್ತರ ಕೇಳಬೇಕು. ಕೋಚು ಪಾರ್ಕಿಂಗ್ ಜಾಗದಲ್ಲಿ ನಿಂತು ಬಾಯಲ್ಲಿ ಹೇಳಿದ್ದು ಸಮಿತಿಯ ಮುಂದೆ ನಿಲ್ಲುವುದಿಲ್ಲ. ನಮಗೆ ಬಂದ ಉತ್ತರ ಮೂರು ಸಾಲಿನದು. ಅದನ್ನು ಮುದ್ರಿಸಿ, ಮನೆಯ ಬಾಡಿಗೆ ಕರಾರು ಮತ್ತು ಆ ತಿಂಗಳ ನೀರಿನ ಬಿಲ್ಲಿನೊಡನೆ ಸೇರಿಸಿ, ಪಾಸ್‌ಪೋರ್ಟುಗಳಿರುವ ಕಡತದಲ್ಲೇ ಇಟ್ಟಿದ್ದೇನೆ.